ಅಮ್ಮಂದಿರು ಹೇಗೆ ಓದುತ್ತಾರೆ: ಕಾಕ್ಲಿಯರ್ ಇಂಪ್ಲಾಂಟ್ ಪ್ರಶ್ನಾವಳಿಯೊಂದು ಟರ್ಕಿಶ್ ಭಾಷೆಗೆ ಬಂದಾಗ

ಎಲ್ಲರಿಗೂ ನಮಸ್ಕಾರ.

ಕಾಕ್ಲಿಯರ್ ಇಂಪ್ಲಾಂಟ್ ಎಂದರೆ ಕಿವುಡಿರುವವರಿಗೆ ಸದ್ದು ಕೇಳಿಸಲೆಂದು ಶಸ್ತ್ರಚಿಕಿತ್ಸೆ ಮಾಡಿ ಒಳಗಿವಿಯಲ್ಲಿ ಕೂರಿಸುವ ಸಾಧನ. ಅದನ್ನು ಹಾಕಿಸಿಕೊಂಡ ಮಗುವಿಗೆ ಎಷ್ಟು ಡೆಸಿಬಲ್ ಸದ್ದು ಕೇಳಿಸುತ್ತದೆ ಎಂದು ತಿಳಿಯಲು ಸದ್ದಿಲ್ಲದ ಕೋಣೆ, ಶ್ರವಣ ಅಳೆಯುವ ಆಡಿಯೋಮೀಟರ್, ಪಳಗಿದ ಆಡಿಯಾಲಜಿಸ್ಟ್ (ಶ್ರವಣತಜ್ಞ) ಇದ್ದರೆ ಸಾಕು. ಅದೇ ಮಗು ಬೀದಿಯಲ್ಲಿ ಆಡುವಾಗ ಹಿಂದಿನಿಂದ ಬಂದ ಗಾಡಿಯ ಸದ್ದಿಗೆ ತಿರುಗಿ ನೋಡುತ್ತದೆಯೇ, ಅಜ್ಜಿಯ ಜೊತೆ ಮಾತಿಗೆ ಕೂರುತ್ತದೆಯೇ, ಶಾಲೆಯಿಂದ ಬಂದಾಗ ಮುಖ ಹೇಗಿರುತ್ತದೆ, ಇದನ್ನು ಆ ಕೋಣೆ ಹೇಳುವುದಿಲ್ಲ. ಅಪ್ಪ ಅಮ್ಮ ಹೇಳುತ್ತಾರೆ. ಅವರ ಮಾತನ್ನು ಅಂಕಿಯಾಗಿ ಹಿಡಿಯಲೆಂದು ಮಾಡಿದ ಒಂದು ಪ್ರಶ್ನಾವಳಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ರೂಪುಗೊಂಡಿತು. ಅದು ಟರ್ಕಿಶ್ ಭಾಷೆಗೆ ಬರುವ ದಾರಿಯಲ್ಲಿ ಎಲ್ಲೆಲ್ಲಿ ಎಡವುವ ಕಲ್ಲುಗಳಿವೆ ಎಂಬುದು ಇವತ್ತಿನ ಮಾತು.

ಆ ಪ್ರಶ್ನಾವಳಿ ಹುಟ್ಟಿದ ಬಗೆಯನ್ನು ಮೊದಲು ನೋಡೋಣ. ನಾಟಿಂಗ್‌ಹ್ಯಾಮ್‌ನ ತಂಡ ಮೊದಲು ಪಾಲಕರಿಗೆ ಖಾಲಿ ಜಾಗ ಬಿಟ್ಟ ಪ್ರಶ್ನೆಗಳನ್ನು ಕೊಟ್ಟು, ಅವರ ಮಾತಿನಲ್ಲೇ ಬರೆಸಿಕೊಂಡಿತು. ಮಕ್ಕಳಿಗೆ ಇಂಪ್ಲಾಂಟ್ ಆಗಿ ಮೂರು ವರ್ಷವಾದ ಮೇಲೆ ಪಾಲಕರು ಏನು ಹೇಳುತ್ತಾರೆ ಎಂಬ ವರದಿ 2002ರಲ್ಲಿ ಪ್ರಕಟವಾಯಿತು. ಆ ಬರಹಗಳಿಂದ ಆರಿಸಿದ ಸಂಗತಿಗಳೇ ಹೇಳಿಕೆಗಳಾದವು. ಒಟ್ಟು 74 ಹೇಳಿಕೆ. ಪ್ರತಿಯೊಂದಕ್ಕೂ ಐದು ಖಾನೆ: ‘ಖಂಡಿತ ಒಪ್ಪುತ್ತೇನೆ’ಯಿಂದ ಹಿಡಿದು ‘ಖಂಡಿತ ಒಪ್ಪುವುದಿಲ್ಲ’ದವರೆಗೆ. ಸಂವಹನ, ದಿನನಿತ್ಯದ ನಡವಳಿಕೆ, ಸ್ವಾವಲಂಬನೆ, ಮಗುವಿನ ಸಂತೋಷ, ಸಾಮಾಜಿಕ ಸಂಬಂಧ, ಶಿಕ್ಷಣ, ಮಗುವಿಗೆ ಕೊಡಬೇಕಾದ ಬೆಂಬಲ ಎಂದು ಹೇಳಿಕೆಗಳು ಗುಂಪಾಗಿ ಕೂರುತ್ತವೆ. ಶಸ್ತ್ರಚಿಕಿತ್ಸೆಯ ನಿರ್ಧಾರ ಮಾಡಿದಾಗಿನ ಅನುಭವ ಮತ್ತು ಚಿಕಿತ್ಸೆ ನಡೆದ ಬಗೆಯ ಬಗ್ಗೆಯೂ ಗುಂಪುಗಳಿವೆ. ಈ ಕೊನೆಯ ಎರಡು ಮಗುವಿನ ಸುಧಾರಣೆಯನ್ನು ಅಳೆಯುವುದಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಅಂಕಗಳ ಮಾತು ಬಂದಾಗ ಬೇಕಾಗುತ್ತದೆ.

ಅಂದರೆ ಹೇಳಿಕೆಗಳು ಬ್ರಿಟಿಷ್ ಅಪ್ಪ ಅಮ್ಮಂದಿರ ಬಾಯಿಂದ ಬಂದವು. ಅದು ಪ್ರಶ್ನಾವಳಿಯ ದೊಡ್ಡ ಬಲ. ಬೇರೆ ದೇಶಕ್ಕೆ ಒಯ್ಯುವವರಿಗೆ ಅದೇ ತೊಡಕು.

ಟರ್ಕಿಗೆ ಇಂಪ್ಲಾಂಟ್ ಹೊಸದೇನಲ್ಲ. ಅಲ್ಲಿನ ಮೊದಲ ಶಸ್ತ್ರಚಿಕಿತ್ಸೆ ಎಸ್ಕಿಶೆಹಿರ್ ನಗರದಲ್ಲಿ 1987ರಲ್ಲಿ ಆಯಿತು. ಕಿವುಡು ಮಕ್ಕಳ ಶಿಕ್ಷಣಕ್ಕೆಂದೇ ವಿಶ್ವವಿದ್ಯಾಲಯದ ಕೇಂದ್ರವೊಂದು ಆ ಊರಿನಲ್ಲಿ ಅದಕ್ಕೂ ಮೊದಲೇ ಇತ್ತು. ಈಗ ಸರ್ಕಾರಿ ಸಾಮಾಜಿಕ ಭದ್ರತಾ ಸಂಸ್ಥೆ ಇಂಪ್ಲಾಂಟಿನ ವೆಚ್ಚ ಭರಿಸುತ್ತದೆ. ನಾಟಿಂಗ್‌ಹ್ಯಾಮ್ ಪ್ರಶ್ನಾವಳಿಯನ್ನು ಬಳಸಿ ಟರ್ಕಿಯ ವೈದ್ಯರು ಪಾಲಕರ ಅಭಿಪ್ರಾಯವನ್ನು 2003ರಲ್ಲೇ ಪ್ರಕಟಿಸಿದ್ದಾರೆ. ಆದರೆ ಒಂದು ಭಾಷೆಯಲ್ಲಿ ಪ್ರಶ್ನಾವಳಿಯನ್ನು ಬಳಸುವುದು ಬೇರೆ, ಆ ಭಾಷೆಯಲ್ಲಿ ಅದು ಅಳೆಯಬೇಕಾದ್ದನ್ನೇ ಅಳೆಯುತ್ತದೆ ಎಂದು ತೋರಿಸುವುದು ಬೇರೆ. ನಾನು ಮಾತಾಡುತ್ತಿರುವುದು ಎರಡನೆಯದರ ಬಗ್ಗೆ.

ಒಂದು ಸೂಚನೆ. ಮೂಲ ಹೇಳಿಕೆಗಳಿಗೆ ಹಕ್ಕುದಾರರಿದ್ದಾರೆ, ಹಾಗಾಗಿ ನಾನು ಕೊಡುವ ಉದಾಹರಣೆಗಳು ಅದೇ ಅಚ್ಚಿನ ನನ್ನವೇ ವಾಕ್ಯಗಳು. ಕೆಲಸ ಶುರುವಾಗುವುದೂ ಅಲ್ಲಿಂದಲೇ: ಹಕ್ಕುದಾರರಿಂದ ಲಿಖಿತ ಅನುಮತಿ. ಅದರಲ್ಲಿ ಅನುವಾದಕ್ಕಷ್ಟೇ ಒಪ್ಪಿಗೆಯೋ, ಹೇಳಿಕೆ ಬಿಡುವುದಕ್ಕೆ, ಬದಲಿಸುವುದಕ್ಕೂ ಒಪ್ಪಿಗೆಯೋ ಎಂಬುದು ಸ್ಪಷ್ಟವಾಗಿರಬೇಕು. ಜೊತೆಗೆ ಅಂಕ ಕೊಡುವ ಕೀಲಿಯನ್ನೂ ಕೇಳಿ ಪಡೆಯಬೇಕು. ಯಾವ ಹೇಳಿಕೆ ಯಾವ ಗುಂಪಿಗೆ ಸೇರುತ್ತದೆ, ಯಾವುದರ ಅಂಕ ತಿರುವುಮುರುವು ಎಂದು ಊಹಿಸಿಕೊಂಡು ಹೊರಟ ತಂಡ ಕೊನೆಗೆ ತನ್ನದೇ ಬೇರೊಂದು ಪ್ರಶ್ನಾವಳಿಯನ್ನು ಅಳೆದಿರುತ್ತದೆ.

ಅನುವಾದಕ್ಕೆ ಎಲ್ಲರೂ ಅನುಸರಿಸುವ ಕ್ರಮ 2000ದ ಸುಮಾರಿಗೆ ನೆಲೆಗೊಂಡದ್ದು. ಟರ್ಕಿಶ್ ಮಾತೃಭಾಷೆಯ ಇಬ್ಬರು ಬೇರೆ ಬೇರೆಯಾಗಿ ಅನುವಾದಿಸುತ್ತಾರೆ. ಒಬ್ಬರಿಗೆ ಇಂಪ್ಲಾಂಟ್ ವಿಷಯ ಗೊತ್ತಿರಬೇಕು, ಇನ್ನೊಬ್ಬರಿಗೆ ಗೊತ್ತಿರಬಾರದು. ಗೊತ್ತಿಲ್ಲದವರು ಆಸ್ಪತ್ರೆಯ ಪರಿಭಾಷೆಗೆ ಬೀಳದೆ ಮನೆಮಾತಿನಲ್ಲಿ ಬರೆಯುತ್ತಾರೆ ಎಂಬುದು ಲೆಕ್ಕ. ಎರಡನ್ನೂ ಎದುರೆದುರಿಟ್ಟು ಒಂದಾಗಿಸುತ್ತಾರೆ. ಮೂಲವನ್ನು ಕಂಡಿರದ ಇಬ್ಬರು ಅದನ್ನು ಮತ್ತೆ ಇಂಗ್ಲಿಷಿಗೆ ತಿರುಗಿಸುತ್ತಾರೆ. ಆಡಿಯಾಲಜಿಸ್ಟ್, ಕಿವಿ ಶಸ್ತ್ರವೈದ್ಯ, ಕಿವುಡು ಮಕ್ಕಳ ಶಿಕ್ಷಕ, ಭಾಷಾತಜ್ಞ, ಅನುವಾದಕರು ಎಲ್ಲ ಸೇರಿದ ಸಮಿತಿ ಕೂತು ಒಪ್ಪಿದ ಪ್ರತಿಯನ್ನು 30–40 ಪಾಲಕರಿಗೆ ಕೊಟ್ಟು ನೋಡುತ್ತಾರೆ.

ಈ ಕ್ರಮದಲ್ಲಿ ತಪ್ಪಿಲ್ಲ. ಆದರೆ ಹೆಚ್ಚಿನ ತಂಡಗಳು ತಮ್ಮ ಸಮಯ, ಹಣ, ನಂಬಿಕೆ ಮೂರನ್ನೂ ಮರು ಅನುವಾದದ ಮೇಲೆ ಸುರಿಯುತ್ತವೆ. ನನ್ನ ಮಟ್ಟಿಗೆ ಅದು ಈ ಇಡೀ ಸರಪಳಿಯ ಅತ್ಯಂತ ದುರ್ಬಲ ಕೊಂಡಿ. ಮರು ಅನುವಾದ ಚೆನ್ನಾಗಿ ಬಂದಿತೆಂದರೆ ಮೊದಲ ಟರ್ಕಿಶ್ ಅನುವಾದ ಪದಕ್ಕೆ ಪದ ಆಗಿದೆ ಎಂದಷ್ಟೇ ಅರ್ಥ. ಪದಕ್ಕೆ ಪದ ಹಾಕಿದ ಕೆಟ್ಟ ವಾಕ್ಯವೇ ಇಂಗ್ಲಿಷಿಗೆ ಅತಿ ಸಲೀಸಾಗಿ ಮರಳುತ್ತದೆ.

ಒಂದು ಉದಾಹರಣೆ ಹಿಡಿದು ಕೊನೆಯವರೆಗೆ ಹೋಗೋಣ. ಸ್ವಾವಲಂಬನೆಯ ಗುಂಪಿನಲ್ಲಿ ‘ಮಗು ತನ್ನಷ್ಟಕ್ಕೆ ತಾನು ಆಡಿಕೊಳ್ಳುತ್ತದೆ’ ಎಂಬ ಅರ್ಥದ ಹೇಳಿಕೆ ಇದೆ ಎಂದುಕೊಳ್ಳಿ. ಟರ್ಕಿಶ್‌ನಲ್ಲಿ ಮೊದಲು ಕೈಗೆ ಸಿಗುವ ಮಾತು ‘ಕೆಂದಿ ಬಾಶಿನಾ’. ತಾನೇ ತಾನಾಗಿ ಎಂದೂ ಆಗುತ್ತದೆ, ಒಬ್ಬಂಟಿಯಾಗಿ ಎಂದೂ ಆಗುತ್ತದೆ. ಇಂಗ್ಲಿಷಿನ ಮಾತಿಗೂ ಇದೇ ಎರಡು ಮುಖ. ಹಾಗಾಗಿ ಮರು ಅನುವಾದ ಕೂದಲೆಳೆಯಷ್ಟೂ ತಪ್ಪದೆ ಮರಳುತ್ತದೆ, ಸಮಿತಿ ಸಹಿ ಹಾಕುತ್ತದೆ. ಈಗ ಇದನ್ನು ಒಬ್ಬ ಅಮ್ಮ ಓದುತ್ತಾಳೆ. ಅವಳ ಮಗು ಅಪಾರ್ಟ್‌ಮೆಂಟಿನ ಕೆಳಗೆ ಬೇರೆ ಮಕ್ಕಳೊಂದಿಗೆ ಬೆರೆಯದೆ ಮೂಲೆಯಲ್ಲಿ ಕೂರುತ್ತಿದ್ದ ದಿನಗಳು ಅವಳಿಗೆ ನೆನಪಿವೆ. ‘ಒಬ್ಬನೇ ಆಡುತ್ತಾನಾ? ಇಲ್ಲ, ಈಗ ಎಲ್ಲರ ಜೊತೆ ಆಡುತ್ತಾನೆ’ ಎಂದುಕೊಂಡು ‘ಒಪ್ಪುವುದಿಲ್ಲ’ ಖಾನೆಗೆ ಗುರುತು ಹಾಕುತ್ತಾಳೆ. ಮಗು ಸುಧಾರಿಸಿದೆ, ಅಮ್ಮನಿಗೆ ಅದು ಗೊತ್ತಿದೆ, ಹೇಳಿಯೂ ಹೇಳಿದ್ದಾಳೆ. ಕೀಲಿ ಮಾತ್ರ ಸ್ವಾವಲಂಬನೆ ಕಡಿಮೆ ಎಂದು ಅಂಕ ಇಳಿಸುತ್ತದೆ.

ಇಂಥ ಹೇಳಿಕೆ ಸಂಖ್ಯಾಶಾಸ್ತ್ರದಲ್ಲೂ ಸುಳಿವು ಬಿಡುತ್ತದೆ. ಗುಂಪಿನ ಉಳಿದ ಹೇಳಿಕೆಗಳ ಮೊತ್ತದೊಂದಿಗೆ ಅದರ ಸಹಸಂಬಂಧ (ಎರಡು ಅಂಕಗಳು ಎಷ್ಟು ಜೊತೆಜೊತೆಗೆ ಏರಿಳಿಯುತ್ತವೆ ಎಂಬ ಅಳತೆ, ಗರಿಷ್ಠ 1) ಸೊನ್ನೆಯ ಹತ್ತಿರ, ಕೆಲವೊಮ್ಮೆ ಋಣವಾಗಿಯೂ ಬರುತ್ತದೆ. ಅಷ್ಟು ಹೊತ್ತಿಗೆ ನೂರಾರು ಪ್ರತಿ ಹಂಚಿಯಾಗಿರುತ್ತದೆ. ತಂಡ ‘ಈ ಹೇಳಿಕೆ ಟರ್ಕಿಶ್ ಸಂಸ್ಕೃತಿಗೆ ಹೊಂದುವುದಿಲ್ಲ’ ಎಂದು ಬರೆದು ಅದನ್ನು ಕಿತ್ತುಹಾಕುತ್ತದೆ. ಸಂಸ್ಕೃತಿಯದ್ದೇನೂ ತಪ್ಪಿರಲಿಲ್ಲ, ವಾಕ್ಯಕ್ಕೆ ಎರಡು ಬಾಯಿ ಇತ್ತು ಅಷ್ಟೇ. ‘ಪಕ್ಕದಲ್ಲಿ ಯಾರೂ ಇಲ್ಲದಿದ್ದರೂ ಮಗು ಬೇಸರವಿಲ್ಲದೆ ಹೊತ್ತು ಕಳೆಯಬಲ್ಲದು’ ಎಂದು ಬಿಡಿಸಿ ಬರೆದಿದ್ದರೆ ಟರ್ಕಿಶ್ ಅಮ್ಮನೂ ಸರಿಯಾಗಿ ಓದುತ್ತಿದ್ದಳು. ಗಮನಿಸಿ, ಹೀಗೆ ಬಿಡಿಸಿದ ವಾಕ್ಯ ಮರು ಅನುವಾದದಲ್ಲಿ ಮೂಲದಂತೆ ಕಾಣುವುದಿಲ್ಲ. ಮರು ಅನುವಾದವನ್ನೇ ತೀರ್ಪೆಂದು ನಂಬಿದವರು ಒಳ್ಳೆಯ ವಾಕ್ಯವನ್ನು ತಿದ್ದಿ ಮತ್ತೆ ಕೆಡಿಸುತ್ತಾರೆ.

ಇದನ್ನು ಮೊದಲೇ ಹಿಡಿಯುವ ಉಪಾಯ ಒಂದೇ: ಅಮ್ಮಂದಿರನ್ನು ಎದುರಿಗೆ ಕೂರಿಸಿಕೊಂಡು ಓದಿಸುವುದು. ವೃತ್ತಿಯವರು ಇದನ್ನು ಕಾಗ್ನಿಟಿವ್ ಇಂಟರ್‌ವ್ಯೂ ಎನ್ನುತ್ತಾರೆ. ಒಂದು ಸುತ್ತಿಗೆ ಐದರಿಂದ ಎಂಟು ಜನ ಸಾಕು. ಆದರೆ ಆಯ್ಕೆ ಮುಖ್ಯ. ಪ್ರಾಥಮಿಕ ಶಾಲೆಯಷ್ಟೇ ಓದಿದವರು, ಪದವೀಧರರು, ಕನಿಷ್ಠ ಒಬ್ಬ ಅಪ್ಪ, ಇಂಪ್ಲಾಂಟ್ ಆಗಿ ಒಂದು ವರ್ಷವಾದ ಮಗುವಿನವರು, ಐದಾರು ವರ್ಷವಾದವರು ಎಲ್ಲ ಇರಬೇಕು. 74 ಹೇಳಿಕೆಯನ್ನು ಒಬ್ಬರ ಮೇಲೆ ಹೇರಬಾರದು, ಇಪ್ಪತ್ತೈದರ ಆಚೆ ಯಾರ ಗಮನವೂ ನಿಲ್ಲುವುದಿಲ್ಲ. ಹೇಳಿಕೆಗಳನ್ನು ಮೂರು ಕಟ್ಟು ಮಾಡಿ, ಪ್ರತಿ ಕಟ್ಟನ್ನೂ ಇಬ್ಬರು ಮೂವರು ಓದುವಂತೆ ಹಂಚಬೇಕು. ‘ಅರ್ಥವಾಯಿತೇ?’ ಎಂದು ಮಾತ್ರ ಕೇಳಬೇಡಿ. ಆಸ್ಪತ್ರೆಯಲ್ಲಿ ಕೂತ ಯಾವ ಅಮ್ಮನೂ ಇಲ್ಲ ಎನ್ನುವುದಿಲ್ಲ. ಕೇಳಬೇಕಾದದ್ದು ಮೂರು: ಇದನ್ನು ನಿಮ್ಮ ಮಾತಿನಲ್ಲಿ ಹೇಳಿ, ಓದುವಾಗ ಯಾವ ಸಂದರ್ಭ ನೆನಪಿಗೆ ಬಂತು, ಈ ಖಾನೆಗೇ ಯಾಕೆ ಗುರುತು ಹಾಕಿದಿರಿ. ಎರಡನೆಯ ಪ್ರಶ್ನೆಯೇ ಹೆಚ್ಚು ಕೆಲಸ ಮಾಡುವುದು, ಮೇಲೆ ಹೇಳಿದ ತಪ್ಪು ಸಿಕ್ಕಿಬೀಳುವುದು ಅದರಲ್ಲಿ. ತಿದ್ದಿ, ಹೊಸಬರೊಂದಿಗೆ ಇನ್ನೊಂದು ಸುತ್ತು. ಹೊಸ ತಕರಾರು ಬರುವುದು ನಿಂತ ಮೇಲೆಯೇ 30–40 ಜನರ ಪೂರ್ವಪರೀಕ್ಷೆ.

ಟರ್ಕಿಶ್‌ನ ರಚನೆಯಲ್ಲಿ ಕನ್ನಡಿಗರಿಗೆ ಪರಿಚಿತವೆನಿಸುವ ಸಂಗತಿಗಳು ಬೇಕಾದಷ್ಟಿವೆ. ಕ್ರಿಯಾಪದ ವಾಕ್ಯದ ಕೊನೆಗೆ, ಪ್ರತ್ಯಯದ ಮೇಲೆ ಪ್ರತ್ಯಯ, ಕರ್ತೃಪದ ಬಿಟ್ಟರೂ ವಾಕ್ಯ ನಿಲ್ಲುತ್ತದೆ. ಆದ್ದರಿಂದ ಅಲ್ಲಿನ ಕೆಲವು ತೊಡಕುಗಳು ನಮ್ಮವೂ ಹೌದು.

ಮೊದಲನೆಯದು ನಿಷೇಧ. ಒಪ್ಪುತ್ತೇನೆ ಎಂಬುದಕ್ಕೆ ‘ಕಟಿಲಿಯೊರುಮ್’, ಒಪ್ಪುವುದಿಲ್ಲ ಎಂಬುದಕ್ಕೆ ‘ಕಟಿಲ್ಮಿಯೊರುಮ್’. ನಿಷೇಧವೆಲ್ಲ ಕ್ರಿಯಾಪದದ ಒಳಗೆ ಸೇರಿಕೊಂಡ ಒಂದು ‘ಮ’ಕಾರದಲ್ಲಿದೆ. ಖಾನೆಗಳ ತಲೆಬರಹದಲ್ಲಿ ಕಣ್ಣೋಡಿಸುವವರು ಅದನ್ನು ದಾಟಿಹೋಗುತ್ತಾರೆ. ಹೇಳಿಕೆಯೂ ನಿಷೇಧದಲ್ಲಿದ್ದರೆ ಕಷ್ಟ ಇಮ್ಮಡಿ. ‘ಕರೆದರೆ ಮಗು ಓಗೊಡುವುದಿಲ್ಲ’ ಎಂಬುದಕ್ಕೆ ‘ಒಪ್ಪುವುದಿಲ್ಲ’ ಎಂದು ಹೇಳಬೇಕಾದ ಅಮ್ಮ ಒಂದು ಗಳಿಗೆ ನಿಂತು ಲೆಕ್ಕ ಹಾಕಬೇಕು. ಅರವತ್ತನೆಯ ಹೇಳಿಕೆಯ ಹೊತ್ತಿಗೆ ಯಾರೂ ನಿಲ್ಲುವುದಿಲ್ಲ. ಹಾಗೆಂದು ನಿಷೇಧದ ಹೇಳಿಕೆಗಳನ್ನೆಲ್ಲ ಒಳ್ಳೆಯ ಮಾತಿಗೆ ತಿರುಗಿಸಿಬಿಡಲೂ ಬಾರದು. ಎಲ್ಲದಕ್ಕೂ ಹೂಂಗುಟ್ಟುವವರನ್ನು ಗುರುತಿಸಲು ಅವು ಬೇಕು, ಅಂಕದ ಕೀಲಿಯೂ ಅದರ ಮೇಲೇ ನಿಂತಿದೆ. ದಾರಿ ಇದು: ಅರ್ಥ ಕಹಿಯಾಗಿಯೇ ಇರಲಿ, ಕ್ರಿಯಾಪದ ನಿಷೇಧದಲ್ಲಿ ಬೇಡ. ‘ಕರೆದರೂ ಮಗು ಸುಮ್ಮನಿರುತ್ತದೆ’ ಎಂದರೆ ದಿಕ್ಕು ಬದಲಾಗುವುದಿಲ್ಲ, ಎರಡು ‘ಇಲ್ಲ’ ಗುದ್ದಾಡುವುದಿಲ್ಲ. ಐದು ಖಾನೆಗಳಿಗೆ 1ರಿಂದ 5 ಅಂಕ ಇರುವುದರಿಂದ, ಅಂಕ ಹಾಕುವಾಗ ಇಂಥವನ್ನು ಆರರಿಂದ ಕಳೆಯುತ್ತೇವೆ, ಎರಡು ಬಂದರೆ ನಾಲ್ಕು. ಯಾವ ಸಂಖ್ಯೆಯ ಹೇಳಿಕೆಗಳು ಇಂಥವು ಎಂಬ ಪಟ್ಟಿ ದತ್ತಾಂಶ ತುಂಬುವವರ ಮೇಜಿನ ಮೇಲೆ ಅಂಟಿಸಿರಲಿ.

ಎರಡನೆಯದು ಸರ್ವನಾಮ. ಟರ್ಕಿಶ್‌ನಲ್ಲಿ ಅವನು, ಅವಳು, ಅದು ಮೂರಕ್ಕೂ ‘ಓ’ ಒಂದೇ. ಇಂಗ್ಲಿಷಿನಲ್ಲಿ ಗಂಡುಮಗು ಹೆಣ್ಣುಮಗು ಎರಡಕ್ಕೂ ಅಡ್ಡಗೆರೆ ಹಾಕಿ ಬರೆಯುವ ಕಾಟ ತಪ್ಪಿತೆಂದು ಅನುವಾದಕರು ಖುಷಿಪಡುತ್ತಾರೆ. ಆದರೆ ‘ಅದಿಲ್ಲದೆ ಆಗುವುದಿಲ್ಲ’ ಎಂಬಂಥ ವಾಕ್ಯದಲ್ಲಿ ‘ಓ’ ಮಗುವೋ ಸಾಧನವೋ? ಕರ್ತೃವನ್ನೂ ಬಿಟ್ಟರೆ ಯಾರಿಲ್ಲದೆ ಯಾರಿಗೆ ಆಗುವುದಿಲ್ಲ ಎಂಬುದೇ ತಿಳಿಯದು. ಎಷ್ಟೇ ಸಪ್ಪೆಯಾಗಿ ಕೇಳಿಸಿದರೂ ಪ್ರತಿ ಹೇಳಿಕೆಯಲ್ಲೂ ‘ನನ್ನ ಮಗು’ ಎಂದು ಬರೆಯುವುದೇ ಸರಿ. ಪ್ರಶ್ನಾವಳಿಯಲ್ಲಿ ಶೈಲಿಗಿಂತ ಖಚಿತತೆ ಮುಖ್ಯ.

ಸಾಧನದ ಹೆಸರಿನಲ್ಲೂ ಇದೇ ಗೊಂದಲ. ಟರ್ಕಿಯ ಮನೆಗಳಲ್ಲಿ ಹಿಯರಿಂಗ್ ಏಡ್‌ಗೂ ‘ಜಿಹಾಜ್’, ಇಂಪ್ಲಾಂಟಿನ ಹೊರಭಾಗಕ್ಕೂ ‘ಜಿಹಾಜ್’. ಯಂತ್ರ ಎಂದಷ್ಟೇ ಅದರ ಅರ್ಥ. ಇಂಪ್ಲಾಂಟ್ ಇಡೀ ವ್ಯವಸ್ಥೆಗೆ ಪತ್ರಿಕೆಗಳ ದೆಸೆಯಿಂದ ‘ಬಿಯೋನಿಕ್ ಕುಲಾಕ್’, ಬಯಾನಿಕ್ ಕಿವಿ, ಎಂಬ ಹೆಸರೂ ಓಡಾಡುತ್ತದೆ. ಒಂದು ಕಿವಿಗೆ ಇಂಪ್ಲಾಂಟ್, ಇನ್ನೊಂದಕ್ಕೆ ಹಿಯರಿಂಗ್ ಏಡ್ ಇರುವ ಮಗುವಿನ ಅಮ್ಮ ‘ಸಾಧನ ಹಾಕಿದ ಮೇಲೆ ಮಗು ಹೆಚ್ಚು ಮಾತಾಡುತ್ತದೆ’ ಎಂಬುದಕ್ಕೆ ಯಾವುದನ್ನು ನೆನೆದು ಉತ್ತರಿಸಬೇಕು? ‘ಕಾಕ್ಲಿಯರ್ ಇಂಪ್ಲಾಂಟ್’ ಎಂಬ ಒಂದೇ ಹೆಸರನ್ನು ಮೊದಲ ಪುಟದಲ್ಲಿ ವಿವರಿಸಿ ಕೊನೆಯವರೆಗೂ ಅದನ್ನೇ ಬಳಸಬೇಕು. ತಲೆಯೊಳಗಿನ ಎಲೆಕ್ಟ್ರೋಡ್ ಭಾಗಕ್ಕೂ ಹೊರಗಿನ ಪ್ರೊಸೆಸರ್‌ಗೂ ವ್ಯತ್ಯಾಸ ಬೇಕಾದಲ್ಲಿ, ಉದಾಹರಣೆಗೆ ಬ್ಯಾಟರಿ, ಕೇಬಲ್, ರಿಪೇರಿಯ ಹೇಳಿಕೆಗಳಲ್ಲಿ, ‘ಹೊರಗಿನ ಭಾಗ’ ಎಂದು ಬಿಡಿಸಿ ಹೇಳಬೇಕು.

ಮೂರನೆಯದು ಇನ್ನೂ ಸೂಕ್ಷ್ಮ. ಟರ್ಕಿಶ್ ಕ್ರಿಯಾಪದ ತಾನು ಕಂಡದ್ದಕ್ಕೆ ಒಂದು ಪ್ರತ್ಯಯ, ಕೇಳಿ ತಿಳಿದದ್ದಕ್ಕೆ ಇನ್ನೊಂದು ಪ್ರತ್ಯಯ ಹಚ್ಚುತ್ತದೆ. ನಮ್ಮ ‘ಅಂತೆ’ ಇದ್ದಂತೆ. ತರಗತಿಯಲ್ಲಿ ಮಗು ಟೀಚರ್ ಹೇಳಿದ್ದನ್ನು ಹಿಂಬಾಲಿಸುತ್ತದೆ ಎಂಬ ಹೇಳಿಕೆಯನ್ನು ಅಮ್ಮ ಕಣ್ಣಾರೆ ಕಂಡಿರುವುದಿಲ್ಲ. ‘ಹಿಂಬಾಲಿಸುತ್ತಾನಂತೆ’ ಎನ್ನಬಲ್ಲಳೇ ಹೊರತು ‘ಹಿಂಬಾಲಿಸುತ್ತಾನೆ’ ಎನ್ನಲು ಅವಳಿಗೆ ಧೈರ್ಯ ಸಾಲದು. ಆಗ ನಡುವಿನ ಖಾನೆಗೆ ಹೋಗುತ್ತಾಳೆ. ಶಿಕ್ಷಣದ ಗುಂಪಿನಲ್ಲಿ ನಡುವಿನ ಉತ್ತರಗಳು ಗುಡ್ಡೆಯಾಗಿದ್ದರೆ ಮೊದಲು ಇದನ್ನು ಸಂಶಯಿಸಬೇಕು. ‘ಶಾಲೆಯವರು ಹೇಳುವ ಪ್ರಕಾರ’ ಎಂದು ಹೇಳಿಕೆಯ ಮುಂದೆ ಸೇರಿಸಿದರೆ ಅವಳಿಗೆ ಮಾತು ಸಲೀಸು. ಕಾಲದ ರೂಪದಲ್ಲೂ ಒಂದೇ ನಿಯಮ ಇಟ್ಟುಕೊಳ್ಳಬೇಕು. ‘ದುಯಾರ್’ ಎಂದರೆ ಸಾಮಾನ್ಯವಾಗಿ ಕೇಳಿಸುತ್ತದೆ, ಕೇಳಿಸಬಲ್ಲದು. ‘ದುಯುಯೋರ್’ ಎಂದರೆ ಈಗ ಕೇಳಿಸುತ್ತಿದೆ. ಇಬ್ಬರು ಅನುವಾದಕರ ಪ್ರತಿಗಳನ್ನು ಹೊಲಿದು ಒಂದು ಮಾಡಿದಾಗ ಎರಡೂ ರೂಪ ಬೆರೆತುಹೋಗುತ್ತವೆ. ಒಂದು ಹೇಳಿಕೆ ಮಗುವಿನ ಶಕ್ತಿಯನ್ನು, ಇನ್ನೊಂದು ಇವತ್ತಿನ ಸ್ಥಿತಿಯನ್ನು ಕೇಳಿದಂತಾಗುತ್ತದೆ.

ನಡುವಿನ ಖಾನೆಗೆ ಟರ್ಕಿಶ್ ಪ್ರಶ್ನಾವಳಿಗಳಲ್ಲಿ ರೂಢಿಯ ಪದ ‘ಕರಾರ್ಸಿಜಿಮ್’, ನಿರ್ಧಾರಕ್ಕೆ ಬಂದಿಲ್ಲ ಎಂದು. ಮಗು ಇನ್ನೂ ಶಾಲೆಗೇ ಸೇರಿಲ್ಲದ ಅಮ್ಮನೂ ಅಲ್ಲೇ ಗುರುತು ಹಾಕುತ್ತಾಳೆ, ಬೇರೆ ಜಾಗವಿಲ್ಲವಲ್ಲ. ಮೂರು ಅಂಕ ಬೀಳುತ್ತದೆ. ‘ನಮಗೆ ಅನ್ವಯಿಸುವುದಿಲ್ಲ’ ಎಂಬ ಆರನೆಯ ಖಾನೆಯನ್ನು ಒಂದು ಗೆರೆಯಾಚೆ, ಬೇರೆಯಾಗಿ ಕೊಡುವುದು ಒಳ್ಳೆಯದು. ಹಕ್ಕುದಾರರ ಒಪ್ಪಿಗೆ ಇದಕ್ಕೂ ಬೇಕು. ಹಾಗೆ ಬಿಟ್ಟುಹೋದ ಉತ್ತರಗಳಿಗೆ ನಿಯಮವನ್ನು ಮೊದಲೇ ಬರೆದಿಡಿ: ಗುಂಪಿನ ಶೇಕಡಾ 80ರಷ್ಟಾದರೂ ಹೇಳಿಕೆಗಳಿಗೆ ಉತ್ತರವಿದ್ದರೆ ಸರಾಸರಿ ತೆಗೆಯುವುದು, ಇಲ್ಲದಿದ್ದರೆ ಆ ಮಗುವಿನ ಆ ಗುಂಪನ್ನು ಬಿಡುವುದು. ಆರು ಹೇಳಿಕೆಯ ಗುಂಪಿನಲ್ಲಿ ಐದಕ್ಕೆ ಉತ್ತರ, ಮೊತ್ತ 19 ಎಂದರೆ ಸರಾಸರಿ 3.8. ಎಲ್ಲ ಗುಂಪುಗಳನ್ನೂ ಹೀಗೆ ಸರಾಸರಿಯಲ್ಲೇ ಬರೆದರೆ ಹೇಳಿಕೆಗಳ ಸಂಖ್ಯೆ ಬೇರೆಯಾದರೂ ಅಕ್ಕಪಕ್ಕ ಇಟ್ಟು ನೋಡಬಹುದು.

ಇನ್ನು ಭಾಷೆಗೆ ಸೇರದ, ವ್ಯವಸ್ಥೆಗೆ ಸೇರಿದ ತೊಡಕು. ಬ್ರಿಟನ್ನಿನಲ್ಲಿ ಕಿವುಡು ಮಕ್ಕಳ ಶಿಕ್ಷಕರು ಶಾಲೆಯಿಂದ ಶಾಲೆಗೆ, ಮನೆಗೂ ಹೋಗಿ ಕಲಿಸುವ ವ್ಯವಸ್ಥೆ ಇದೆ. ಇಂಪ್ಲಾಂಟ್ ಕೇಂದ್ರದವರೂ ಸ್ಥಳೀಯ ಶಾಲೆಯೊಂದಿಗೆ ಸಂಪರ್ಕದಲ್ಲಿರುತ್ತಾರೆ. ಟರ್ಕಿಯಲ್ಲಿ ಹೆಚ್ಚಿನ ಮಕ್ಕಳು ಖಾಸಗಿ ವಿಶೇಷ ಶಿಕ್ಷಣ ಮತ್ತು ಪುನರ್ವಸತಿ ಕೇಂದ್ರಗಳಿಗೆ ಹೋಗುತ್ತಾರೆ. ಸರ್ಕಾರ ತಿಂಗಳಿಗೆ 8 ವೈಯಕ್ತಿಕ, 4 ಗುಂಪು ಪಾಠಗಳ ಶುಲ್ಕ ಕೊಡುತ್ತದೆ. ಅದಕ್ಕೆ ಮಾರ್ಗದರ್ಶನ ಮತ್ತು ಸಂಶೋಧನಾ ಕೇಂದ್ರದ ವರದಿ ಬೇಕು. ‘ಸ್ಥಳೀಯ ಶಿಕ್ಷಕರು ಮಗುವಿನ ಸಾಧನವನ್ನು ಅರಿತಿದ್ದಾರೆ’ ಎಂಬಂಥ ಹೇಳಿಕೆಯಲ್ಲಿ ಶಿಕ್ಷಕರು ಯಾರು? ಸರ್ಕಾರಿ ಶಾಲೆಯ ತರಗತಿ ಟೀಚರೋ, ಪುನರ್ವಸತಿ ಕೇಂದ್ರದವರೋ? ಮೊದಲನೆಯವರಿಗೆ ಏನೂ ಗೊತ್ತಿಲ್ಲದಿರಬಹುದು, ಎರಡನೆಯವರಿಗೆ ಎಲ್ಲ ಗೊತ್ತಿರಬಹುದು. ಇಂಥ ಹೇಳಿಕೆಯನ್ನು ಎರಡಾಗಿ ಒಡೆಯಬೇಕೇ, ಒಬ್ಬರನ್ನು ಹೆಸರಿಸಿ ನಿಲ್ಲಿಸಬೇಕೇ ಎಂದು ಸಮಿತಿ ತೀರ್ಮಾನಿಸಬೇಕು. ಒಡೆದರೆ ಮೂಲದ ಅಂಕಗಳೊಂದಿಗೆ ಹೋಲಿಕೆ ತಪ್ಪುತ್ತದೆ. ಒಬ್ಬರನ್ನೇ ಹೆಸರಿಸುವುದು ವಾಸಿ. ಸ್ವಾವಲಂಬನೆಯ ಉದಾಹರಣೆಗಳಿಗೂ ಹೀಗೆಯೇ ಅಲ್ಲಿನ ಬದುಕು ಬೇಕು. ಟರ್ಕಿಯಲ್ಲಿ ಮಗು ದೊಡ್ಡದಾಯಿತು ಎಂಬುದಕ್ಕೆ ಮೊದಲ ಗುರುತು ಮೂಲೆಯ ‘ಬಕ್ಕಾಲ್’ ಅಂಗಡಿಗೆ ಹೋಗಿ ಬ್ರೆಡ್ ಕೇಳಿ ತರುವುದು.

ವಿಷಯವ್ಯಾಪ್ತಿಯ ಪರೀಕ್ಷೆಗೆ, ಅಂದರೆ ಪ್ರತಿ ಹೇಳಿಕೆಯೂ ಅಗತ್ಯವೇ ಎಂದು ತಜ್ಞರನ್ನು ಕೇಳುವುದಕ್ಕೆ, ಟರ್ಕಿಯ ಸಂಶೋಧಕರು 1975ರಲ್ಲಿ ಲಾಷಿ ಎಂಬ ಸಂಶೋಧಕ ಕೊಟ್ಟ ಅನುಪಾತವನ್ನು ಹೆಚ್ಚಾಗಿ ಬಳಸುತ್ತಾರೆ. ಹೇಳಿಕೆ ಅಗತ್ಯ ಎಂದ ತಜ್ಞರ ಸಂಖ್ಯೆಯಿಂದ ಒಟ್ಟು ತಜ್ಞರ ಅರ್ಧವನ್ನು ಕಳೆದು, ಅದೇ ಅರ್ಧದಿಂದ ಭಾಗಿಸುವುದು. ಹತ್ತು ಜನರಲ್ಲಿ ಎಂಟು ಮಂದಿ ಅಗತ್ಯವೆಂದರೆ 0.60. ಹತ್ತು ಜನರಿಗೆ ಕನಿಷ್ಠ ಮಿತಿ 0.62. ಅಂದರೆ ಒಂಬತ್ತು ಜನ ಬೇಕು. ಐದೇ ತಜ್ಞರಿದ್ದರೆ ಒಬ್ಬರ ಅಪಸ್ವರಕ್ಕೂ ಹೇಳಿಕೆ ಬಿದ್ದುಹೋಗುತ್ತದೆ. ಹಾಗಾಗಿ ಹತ್ತಕ್ಕಿಂತ ಕಡಿಮೆ ಕರೆಯಬೇಡಿ. ಇಷ್ಟು ಸಾಕು, ಇದು ದೊಡ್ಡ ವಿಷಯವಲ್ಲ.

ದೊಡ್ಡ ವಿಷಯ ಮಾದರಿಯ ಗಾತ್ರ. ಫ್ಯಾಕ್ಟರ್ ಅನಾಲಿಸಿಸ್ (ಯಾವ ಹೇಳಿಕೆಗಳು ಒಂದು ಗುಂಪಾಗಿ ಕೂರುತ್ತವೆ ಎಂದು ಉತ್ತರಗಳಿಂದಲೇ ಕಂಡುಹಿಡಿಯುವ ಲೆಕ್ಕ) ಮಾಡಲು ಹೇಳಿಕೆಗೆ 5ರಿಂದ 10 ಪಾಲಕರು ಎಂಬುದು ರೂಢಿಯ ಅಂದಾಜು. 74 ಹೇಳಿಕೆಗೆ 370ರಿಂದ 740 ಕುಟುಂಬ. ಒಂದು ಆಸ್ಪತ್ರೆಗೆ ಇದು ಸಾಮಾನ್ಯವಾಗಿ ಎಟುಕದ ಮಾತು. ಆದರೂ ಅರವತ್ತು ಎಪ್ಪತ್ತು ಕುಟುಂಬ ಇಟ್ಟುಕೊಂಡು ಫ್ಯಾಕ್ಟರ್ ತೆಗೆದ ಪ್ರಬಂಧಗಳಿಗೆ ಬರವಿಲ್ಲ. ಹೇಳಿಕೆಗಳಿಗಿಂತ ಜನರೇ ಕಡಿಮೆ ಇರುವಲ್ಲಿ ಸಾಫ್ಟ್‌ವೇರ್ ಏನಾದರೂ ಒಂದು ಚಿತ್ರ ಕೊಡುತ್ತದೆ, ಮುಂದಿನ ಮಾದರಿಯಲ್ಲಿ ಅದು ಮತ್ತೆ ಕಾಣುವುದಿಲ್ಲ. ಹಲವು ಕೇಂದ್ರಗಳನ್ನು ಜೊತೆಗೂಡಿಸಲು ಆಗದಿದ್ದರೆ ಮೂಲದ ಗುಂಪುಗಳನ್ನೇ ಉಳಿಸಿಕೊಂಡು, ಗುಂಪು ಗುಂಪಾಗಿ ವಿಶ್ವಾಸಾರ್ಹತೆ ತೋರಿಸುವುದು ಪ್ರಾಮಾಣಿಕ ಕೆಲಸ.

ಅಲ್ಲೂ ಒಂದು ಕಣ್ಕಟ್ಟು ಇದೆ. ಒಟ್ಟು 74 ಹೇಳಿಕೆಗೆ ಕ್ರಾನ್‌ಬಾಕ್ ಆಲ್ಫಾ (ಹೇಳಿಕೆಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಎಂಬ ಅಳತೆ) 0.93 ಬಂತೆಂದು ಬೀಗುವವರಿದ್ದಾರೆ. ಲೆಕ್ಕ ಹಾಕಿ ನೋಡಿ: ಹೇಳಿಕೆಗಳ ನಡುವಿನ ಸರಾಸರಿ ಸಹಸಂಬಂಧ ಬರೀ 0.15 ಇದ್ದರೂ, 74 ಹೇಳಿಕೆ ಇದ್ದುಬಿಟ್ಟರೆ ಆಲ್ಫಾ ಸುಮಾರು 0.93 ಆಗಿಬಿಡುತ್ತದೆ. ಅದೇ 0.15 ಇರುವ ಆರು ಹೇಳಿಕೆಯ ಗುಂಪಿಗೆ 0.51 ಮಾತ್ರ. ಸಂಖ್ಯೆಯ ಬಲವೇ ಹೊರತು ಗುಣದ್ದಲ್ಲ. ಅಲ್ಲದೆ ಮಗುವಿನ ಸಂವಹನದ ಅಂಕವನ್ನೂ ಶಸ್ತ್ರಚಿಕಿತ್ಸೆಯ ನಿರ್ಧಾರ ಕಷ್ಟವಾಗಿತ್ತೇ ಎಂಬ ಅಂಕವನ್ನೂ ಕೂಡಿಸಿದ ಒಟ್ಟು ಮೊತ್ತಕ್ಕೆ ಏನರ್ಥ? ಗುಂಪಿಗೊಂದು ಆಲ್ಫಾ ಕೊಡಿ. 0.70 ದಾಟಿದರೆ ಒಳ್ಳೆಯದು. 0.95 ದಾಟಿದರೆ ಒಂದೇ ಮಾತನ್ನು ಬೇರೆ ಬೇರೆಯಾಗಿ ಕೇಳಿದ್ದೀರಿ ಎಂದು ಅನುಮಾನಿಸಿ.

ಅದೇ ಪ್ರಶ್ನಾವಳಿಯನ್ನು ಅವರಿಂದಲೇ ಎರಡನೆಯ ಸಲ ತುಂಬಿಸುವ ಮರುಪರೀಕ್ಷೆಗೆ ಎರಡು ವಾರದ ಅಂತರ ರೂಢಿ. ಆ ಎರಡು ವಾರದೊಳಗೆ ಮ್ಯಾಪಿಂಗ್ ಬಂದರೆ ಕೆಟ್ಟಿತು. ಪ್ರೊಸೆಸರ್‌ನ ಹೊಂದಾಣಿಕೆ ಬದಲಾಗಿ ಮಗುವಿಗೆ ಕೇಳಿಸುವುದೇ ಬೇರೆಯಾಗುತ್ತದೆ, ಉತ್ತರ ಬದಲಾದದ್ದು ಪ್ರಶ್ನಾವಳಿಯ ದೋಷವೆಂದು ಲೆಕ್ಕಕ್ಕೆ ಸೇರುತ್ತದೆ. ಇಂಪ್ಲಾಂಟ್ ಹೊಸದಾಗಿ ಚಾಲೂ ಆದ ಮೊದಲ ವರ್ಷದಲ್ಲಿ ಮ್ಯಾಪಿಂಗ್ ಮೇಲಿಂದ ಮೇಲೆ ಇರುತ್ತದೆ. ಆದ್ದರಿಂದ ಮರುಪರೀಕ್ಷೆಗೆ ಮ್ಯಾಪ್ ನೆಲೆನಿಂತ ಮಕ್ಕಳ ಕುಟುಂಬಗಳನ್ನೇ ಆರಿಸಬೇಕು, ಐವತ್ತಾದರೂ ಇರಲಿ. ಎರಡೂ ಸಲ ಒಬ್ಬರೇ ತುಂಬಬೇಕು. ಮೊದಲು ಅಮ್ಮ, ಆಮೇಲೆ ಅಪ್ಪ ತುಂಬಿದರೆ ಅಳೆದದ್ದು ಗಂಡಹೆಂಡಿರ ಭಿನ್ನಾಭಿಪ್ರಾಯ. ಸಹಸಂಬಂಧದ ಬದಲು, ಎರಡು ಸಲದ ಅಂಕಗಳು ಎಷ್ಟು ಒಂದೇ ಆಗಿವೆ ಎಂದು ಅಳೆಯುವ ಇಂಟ್ರಾಕ್ಲಾಸ್ ಗುಣಾಂಕವನ್ನೇ ಕೊಡಿ. ಎಲ್ಲರ ಅಂಕವೂ ಎರಡೆರಡು ಏರಿದರೂ ಸಾಮಾನ್ಯ ಸಹಸಂಬಂಧ 1 ಎಂದೇ ತೋರಿಸುತ್ತದೆ. ಆ ಗುಣಾಂಕದಿಂದ ಚಿಕಿತ್ಸಾಲಯಕ್ಕೆ ಬೇಕಾದ ಒಂದು ಸಂಖ್ಯೆ ಸಿಗುತ್ತದೆ. ಆರು ಹೇಳಿಕೆಯ ಗುಂಪಿನ ಮೊತ್ತ 6ರಿಂದ 30. ಪ್ರಮಾಣ ವಿಚಲನೆ (ಅಂಕಗಳ ಹರವು) 4, ಗುಣಾಂಕ 0.84 ಎಂದಿಟ್ಟುಕೊಳ್ಳಿ. ಅಳತೆಯ ದೋಷ 1.6, ಒಂದು ಮಗುವಿನಲ್ಲಿ ನಿಜವಾದ ಬದಲಾವಣೆ ಎನ್ನಲು ಕನಿಷ್ಠ 4.4 ಅಂಕ ಏರಬೇಕು. ಮೂರು ಅಂಕ ಏರಿತೆಂದು ಅಮ್ಮನಿಗೆ ಸಂತೋಷದ ಸುದ್ದಿ ಹೇಳುವ ಮೊದಲು ಈ ಲೆಕ್ಕ ಗೊತ್ತಿರಬೇಕು.

ಹೊರಗಿನ ಅಳತೆಯೊಂದಿಗೆ ತಾಳೆ ನೋಡಲು ಎರಡು ಸುಲಭ ಸಾಧನಗಳಿವೆ. ಶ್ರವಣ ಸಾಮರ್ಥ್ಯದ ಎಂಟು ಮೆಟ್ಟಿಲಿನ ಮಾಪಕ: ಸೊನ್ನೆಯಲ್ಲಿ ಸುತ್ತಲಿನ ಸದ್ದಿನ ಅರಿವೇ ಇಲ್ಲ, ಏಳರಲ್ಲಿ ಪರಿಚಿತರೊಂದಿಗೆ ಫೋನಿನಲ್ಲಿ ಮಾತು. ಇನ್ನೊಂದು ಮಾತಿನ ಸ್ಪಷ್ಟತೆಯ ಐದು ಮೆಟ್ಟಿಲಿನ ಮಾಪಕ. ಎರಡೂ ನಾಟಿಂಗ್‌ಹ್ಯಾಮ್ ಮೂಲದವೇ. ಮೆಟ್ಟಿಲುಗಳಾದ್ದರಿಂದ, ಏರಿಳಿತದ ಕ್ರಮವನ್ನಷ್ಟೇ ಹೋಲಿಸುವ ಸ್ಪಿಯರ್‌ಮನ್ ಸಹಸಂಬಂಧ ಬಳಸಿ. ಸಂವಹನದ ಗುಂಪಿನೊಂದಿಗೆ 0.4ರಿಂದ 0.6 ಬಂದರೆ ಸಹಜ. 0.9 ಬಂದರೆ ಸಂಭ್ರಮಿಸಬೇಡಿ, ಆಡಿಯಾಲಜಿಸ್ಟ್‌ಗೆ ಗೊತ್ತಿದ್ದನ್ನೇ ಪಾಲಕರ ಕೈಯಲ್ಲಿ ಬರೆಸಿದ್ದೀರಿ ಎಂದಾಯಿತು. ಸಂತೋಷದ ಗುಂಪಿನೊಂದಿಗೆ ಸಂಬಂಧ ಸಡಿಲವಾಗಿಯೇ ಇರಬೇಕು. ಯಾವುದರೊಂದಿಗೆ ಎಷ್ಟು ನಿರೀಕ್ಷೆ ಎಂಬುದನ್ನು ದತ್ತಾಂಶ ನೋಡುವ ಮೊದಲೇ ಬರೆದಿಡುವುದು ಶಿಸ್ತು.

ಇಷ್ಟೆಲ್ಲ ಮಾಡಿಯೂ ಉತ್ತರಗಳು ಮೇಲಿನ ತುದಿಗೆ ಅಂಟಿಕೊಂಡಿರುವುದುಂಟು. ಶೇಕಡಾ 15ಕ್ಕಿಂತ ಹೆಚ್ಚು ಜನ ಗರಿಷ್ಠ ಅಂಕ ಕೊಟ್ಟರೆ ಆ ಗುಂಪಿಗೆ ಇನ್ನು ಏರಲು ಜಾಗವಿಲ್ಲ. ಇದಕ್ಕೆ ಅನುವಾದಕ್ಕಿಂತ ಕಾಗದ ಕೊಟ್ಟ ಕೈ ಹೆಚ್ಚು ಕಾರಣ. ಮಗುವಿನ ಪ್ರೊಸೆಸರ್ ಹೊಂದಿಸುವ ಆಡಿಯಾಲಜಿಸ್ಟ್ ತಾನೇ ಪ್ರಶ್ನಾವಳಿ ಕೊಟ್ಟು ಎದುರಿಗೆ ನಿಂತರೆ, ರಾತ್ರಿಯಿಡೀ ಬಸ್ಸಿನಲ್ಲಿ ಬಂದ ಅಮ್ಮ ಕೃತಜ್ಞತೆಯನ್ನು ಬರೆಯುತ್ತಾಳೆ, ಅನುಭವವನ್ನಲ್ಲ. ಚಿಕಿತ್ಸೆಯಲ್ಲಿ ಪಾಲಿಲ್ಲದವರು ಕೊಡಬೇಕು, ಹೆಸರಿಲ್ಲದೆ ಸಂಖ್ಯೆಯಲ್ಲಿ ಗುರುತಿಸಬೇಕು, ಲಕೋಟೆ ಮುಚ್ಚಿಸಿ ಪೆಟ್ಟಿಗೆಗೆ ಹಾಕಿಸಬೇಕು. ಮುದ್ರಣದ ಸಣ್ಣಪುಟ್ಟವೂ ಲೆಕ್ಕಕ್ಕಿವೆ. ಐದು ಖಾನೆಗಳ ತಲೆಬರಹ ಪ್ರತಿ ಪುಟದಲ್ಲೂ ಇರಲಿ, ಇಲ್ಲದಿದ್ದರೆ ಮೂರನೆಯ ಪುಟದ ಹೊತ್ತಿಗೆ ಒಪ್ಪಿಗೆ ಎಡಕ್ಕೋ ಬಲಕ್ಕೋ ಮರೆಯುತ್ತದೆ. ಎರಡೂ ಬದಿ ಮುದ್ರಿಸಿದರೆ ಹಿಂಬದಿ ಖಾಲಿಯಾಗಿಯೇ ಮರಳುವ ಪ್ರತಿಗಳು ಬರುತ್ತವೆ, ಒಂದೇ ಬದಿ ಮುದ್ರಿಸಿ. ಹಿಂತೆಗೆದುಕೊಂಡಾಗ ಅಲ್ಲೇ ಪುಟ ತಿರುವಿ ನೋಡಿ.

ಓದು ಬಾರದವರ ಪ್ರಶ್ನೆ ಉಳಿಯಿತು. ಟರ್ಕಿಯ ಆಗ್ನೇಯ ಭಾಗದಿಂದ ಕುರ್ದಿಶ್ ಮಾತಾಡುವ ಅಮ್ಮಂದಿರು, ಸಿರಿಯಾದಿಂದ ಬಂದ ಅರಬ್ಬಿ ಮಾತಿನ ಕುಟುಂಬಗಳು ಇದೇ ಕೇಂದ್ರಗಳಿಗೆ ಬರುತ್ತಾರೆ. ಪಕ್ಕದಲ್ಲಿದ್ದ ಸಂಬಂಧಿಕರಿಂದ ಅಲ್ಲೇ ಅನುವಾದ ಮಾಡಿಸಿ ತುಂಬಿಸಿದ ಪ್ರತಿ ಟರ್ಕಿಶ್ ಪ್ರಶ್ನಾವಳಿಯ ಪ್ರತಿಯಲ್ಲ. ಓದಿ ಹೇಳಿ ತುಂಬಿಸಿದ್ದನ್ನೂ ಬೇರೆ ಗುರುತು ಹಾಕಿ ಇಡಬೇಕು. ಒಬ್ಬರು ಓದಿ ಹೇಳುತ್ತಿದ್ದಾರೆ ಎಂದಾಗ ಉತ್ತರ ಮೃದುವಾಗುತ್ತದೆ, ಎರಡನ್ನೂ ಬೆರೆಸಿ ಸರಾಸರಿ ತೆಗೆದರೆ ಆ ವ್ಯತ್ಯಾಸ ಕಾಣದಂತಾಗುತ್ತದೆ. ಈ ಕುಟುಂಬಗಳನ್ನು ಮಾದರಿಯಿಂದ ಬಿಟ್ಟದ್ದಾದರೆ ಎಷ್ಟು ಜನರನ್ನು ಬಿಟ್ಟೆವು ಎಂಬ ಸಂಖ್ಯೆ ಪ್ರಬಂಧದಲ್ಲಿರಲಿ.

ಮೈಸೂರಿನಲ್ಲಿ, ಬೆಂಗಳೂರಿನಲ್ಲಿ ವಾಕ್ ಶ್ರವಣ ಓದುತ್ತಿರುವವರು ಕನ್ನಡಕ್ಕೆ ಇಂಥ ಕೆಲಸ ಹಿಡಿದರೆ ಟರ್ಕಿಶ್ ಪ್ರತಿಯಿಂದ ಹೊರಡಬೇಡಿ, ಇಂಗ್ಲಿಷ್ ಮೂಲಕ್ಕೇ ಹೋಗಿ. ಟರ್ಕಿಶ್ ತಂಡಗಳಿಂದ ಕೇಳಿ ಪಡೆಯಬೇಕಾದದ್ದು ಅವರು ಬಿಟ್ಟ ವಾಕ್ಯಗಳು. ಅದಕ್ಕೆಂದೇ ಮೊದಲ ದಿನದಿಂದ ಒಂದು ಹಾಳೆ ತೆರೆದಿಡುವುದು ವಾಡಿಕೆ: ಹೇಳಿಕೆಯ ಸಂಖ್ಯೆ, ಮೂಲ, ಮೊದಲ ಅನುವಾದ, ಎರಡನೆಯದು, ಒಂದಾಗಿಸಿದ್ದು, ಮರು ಅನುವಾದ, ಯಾರ ತಕರಾರು, ಏನು ಬದಲಾಯಿತು, ಯಾಕೆ. ‘ಯಾಕೆ’ ಎಂಬ ಕೊನೆಯ ಕಂಬಸಾಲನ್ನು ಅದೇ ದಿನ ತುಂಬಿ, ಸಮಿತಿ ಎದ್ದುಹೋದ ಮೇಲೆ ಅದು ಯಾರಿಗೂ ನೆನಪಿರುವುದಿಲ್ಲ. ಪ್ರಶ್ನೆಗಳಿದ್ದರೆ ಈಗ ತೆಗೆದುಕೊಳ್ಳೋಣ.